ಮಾಂಸದಂಗಡಿಯ ಡಿಸ್ಕು, ಊರಿನ ಮುಖಗಳು

ಬೆಳಗಿನ ಆರೂವರೆ. ಪುರಸಭೆಯ ಅಂತ್ಯಕ್ರಿಯೆ ಕಚೇರಿಯ ಹಿಂದಿನ ಕೋಣೆಯಲ್ಲಿ ತ್ಸೊಂಕಾ ಗೆಂಚೆವಾ ಕೋಟು ಕೂಡ ಬಿಚ್ಚದೆ ಕೂತಿದ್ದಾರೆ. ಮೇಜಿನ ಮೇಲೆ ಹಳೆಯ ಕಂಪ್ಯೂಟರು. ಅದರ ಪಕ್ಕದ ತಗಡು ತೆಗೆದು ಗೋಡೆಗೆ ಒರಗಿಸಿದೆ. ಒಳಗೆ ಹೊಸದಾಗಿ ಕೂರಿಸಿದ ದೊಡ್ಡ ಹಾರ್ಡ್ ಡಿಸ್ಕು ಸಣ್ಣಗೆ ಗುರುಗುಟ್ಟುತ್ತಿದೆ. ಸತ್ತವರ ಚಿತ್ರಗಳನ್ನು ತೋರಿಸಬೇಕಾದ ಪರದೆಯ ತುಂಬ ಒಬ್ಬಳೇ ಹೆಂಗಸಿನ ಮುಖ, ಸಾಲು ಸಾಲಾಗಿ. ಅದು ತ್ಸೊಂಕಾ ಅವರದೇ ಮುಖ.

ಕಸ ಗುಡಿಸುವ ಗಾನಾ ಬಾಲ್ದಿ ಹಿಡಿದು ಒಳಗೆ ಬರುತ್ತಾರೆ. ಪರದೆ ನೋಡಿದವರೇ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾರೆ.

"ಅಯ್ಯೋ ದೇವರೇ! ತ್ಸೊಂಕಾ, ನೀನ್ಯಾವಾಗ ಹೋದ್ಯೇ?"

"ಇನ್ನೂ ಇಲ್ಲ ಕಣೇ. ಕಾಫಿ ತಂದ್ಯಾ?"

"ಸತ್ತೋರಿಗೆ ಕಾಫಿ ಯಾಕೆ? ತಿಥಿಗೆ ಹಂಚೋ ಗೋಧಿ ಬೇಯ್ಸಿ ತರ್ತೀನಿ, ಇರು."

ಹಾಗೆ ಅಂದರೂ ಗಾನಾ ತಮ್ಮ ಚೀಲದಿಂದ ಗಿಣ್ಣು ತುಂಬಿದ ಪದರ ರೊಟ್ಟಿ, ಬನಿತ್ಸಾ, ತೆಗೆದು ಎರಡು ಪಾಲು ಮಾಡುತ್ತಾರೆ. ಗಿಣ್ಣು ಹೆಚ್ಚಿರುವ ಪಾಲು ತ್ಸೊಂಕಾ ಅವರ ಕಡೆ ಸರಿಯುತ್ತದೆ.

ತುಂಜಾ ನದಿಯ ದಂಡೆಯ ನಮ್ಮ ಈ ಪೇಟೆಯಲ್ಲಿ ಸತ್ತವರ ಹಾಳೆ ಅಂಟಿಸದ ಬಾಗಿಲು ಸಿಗುವುದು ಕಷ್ಟ. ಬಾಗಿಲಿನಲ್ಲಿ, ದೀಪದ ಕಂಬದಲ್ಲಿ, ಬಸ್ ನಿಲ್ದಾಣದ ಹಲಗೆಯಲ್ಲಿ ಅವರು ನಮ್ಮನ್ನು ನೋಡುತ್ತಿರುತ್ತಾರೆ. ನಲವತ್ತನೆಯ ದಿನಕ್ಕೊಂದು ಹಾಳೆ, ಆರು ತಿಂಗಳಿಗೊಂದು, ಆಮೇಲೆ ವರ್ಷ ವರ್ಷವೂ ಒಂದೊಂದು. ಮೇಲೆ ಫೋಟೋ, ಕೆಳಗೆ ಹೆಸರು, ಅದರ ಕೆಳಗೆ ಉಳಿದವರ ನಾಲ್ಕು ಮಾತು. ಈ ಹಾಳೆಗಳನ್ನು ಹೊಂದಿಸಿ ಮುದ್ರಿಸುವವರು ತ್ಸೊಂಕಾ. ದಿನಕ್ಕೆ ಹತ್ತು ಹನ್ನೆರಡು ಕುಟುಂಬ ಬರುತ್ತವೆ. ಊರೆಲ್ಲ ಸ್ಮಶಾನಕ್ಕೆ ಹೋಗಿ ತಮ್ಮವರನ್ನು ನೆನೆಯುವ ಸತ್ತವರ ಶನಿವಾರ ಹತ್ತಿರವಾದರೆ ಸಾಲು ಬೀದಿಯವರೆಗೂ ನಿಲ್ಲುತ್ತದೆ. ಇಪ್ಪತ್ತೆರಡು ವರ್ಷಗಳಿಂದ ಅವರ ಕೆಲಸ ಇದೇ. ಊರಿನ ಪ್ರತಿ ಬಾಗಿಲಲ್ಲೂ ಅವರ ಕೈಕೆಲಸವಿದೆ, ಅವರ ಹೆಸರು ಮಾತ್ರ ಎಲ್ಲಿಯೂ ಇಲ್ಲ.

ಅದಕ್ಕಲ್ಲ, ಇದೇ ಊರಿನವನಾಗಿ ಇದನ್ನು ಬರೆಯುತ್ತಿರುವ ನನಗೆ ಸಿಟ್ಟು. ಕಳೆದ ವಸಂತದಲ್ಲಿ ನಡೆದದ್ದಕ್ಕೆ.

ಆಗ ಈ ಕಂಪ್ಯೂಟರಿನಲ್ಲಿ ಜಾಗ ಮುಗಿಯುತ್ತ ಬಂದಿತ್ತು. ಪುರಸಭೆ ಒಬ್ಬ ಗುತ್ತಿಗೆದಾರನಿಗೆ ಕೆಲಸ ವಹಿಸಿತು. ಅವನು ಕಳಿಸಿದ ಹುಡುಗನಿಗೆ ಆ ದಿನ ಇನ್ನೂ ಎಷ್ಟೋ ಕಚೇರಿ ಸುತ್ತುವುದಿತ್ತು. ಬಂದವನು ಹಳೆಯ ಡಿಸ್ಕು ತೆಗೆದ, ದೊಡ್ಡದನ್ನು ಸಿಕ್ಕಿಸಿದ, ಚಿತ್ರಗಳನ್ನೆಲ್ಲ ಅದಕ್ಕೆ ಸಾಗಿಸಿದ. ಹಳೆಯದರಲ್ಲಿದ್ದುದನ್ನೆಲ್ಲ ಅಳಿಸಿ ಅದನ್ನು ತೆಗೆದುಕೊಂಡು ಹೋದ. ಪಾಪ, ಅವನನ್ನು ಏನನ್ನಲಿ. ಹೋಗುವಾಗ ತ್ಸೊಂಕಾ ಅವರ ಮುರುಕು ಕುರ್ಚಿಗೆ ತಾನಾಗಿಯೇ ಒಂದು ತಿರುಪು ಬಿಗಿದು ಹೋಗಿದ್ದ.

ಆದರೆ ಈ ಕಂಪ್ಯೂಟರು ಹಳೆಯ ಕಾಲದ್ದು. ಡಿಸ್ಕಿನಲ್ಲಿ ಎಷ್ಟೇ ಜಾಗವಿರಲಿ, ಒಂದು ಗಡಿಯವರೆಗೆ ಎಣಿಸಲು ಮಾತ್ರ ಅದಕ್ಕೆ ಬರುತ್ತದೆ. ಗಡಿ ದಾಟಿದರೆ ಅದು ನಿಲ್ಲುವುದಿಲ್ಲ, ದೂರುವುದೂ ಇಲ್ಲ. ಸುಮ್ಮನೆ ಮತ್ತೆ ಮೊದಲಿನಿಂದ ಬರೆಯುತ್ತ ಹೋಗುತ್ತದೆ. ಬೇಸಿಗೆಯವರೆಗೆ ಎಲ್ಲವೂ ಸರಿ ಇತ್ತು. ಗಡಿ ಬಂದದ್ದು ಆಗಸ್ಟಿನಲ್ಲಿ. ಅಲ್ಲಿಂದ ಹೊಸದಾಗಿ ಸತ್ತವರು ಹಳೆಯ ಸತ್ತವರ ಮೇಲೆ ಬಂದು ಕೂರತೊಡಗಿದರು, ಯಾರಿಗೂ ತಿಳಿಯದ ಹಾಗೆ.

ಮೊದಲು ಕಂಡವರು ಕೆರಾ ಅಜ್ಜಿ. ಗಂಡ ದಿಂಕೊ ತೀರಿಕೊಂಡು ಹತ್ತು ವರ್ಷವಾಗುತ್ತಿತ್ತು. ನವೆಂಬರಿನ ಸತ್ತವರ ಶನಿವಾರಕ್ಕೆ ಹಾಳೆ ಮಾಡಿಸಲು ಬಂದಿದ್ದರು. ತ್ಸೊಂಕಾ ಚಿತ್ರ ತೆರೆದರೆ, ಹಣೆ ಮತ್ತು ಕಣ್ಣು ದಿಂಕೊ ಅವರದು, ಮೂಗಿನಿಂದ ಕೆಳಗೆ ಯಾರೋ ಹೆಂಗಸಿನ ಗಲ್ಲ, ಅದರಡಿ ಕಟ್ಟಿದ ನೀಲಿ ತಲೆವಸ್ತ್ರದ ಗಂಟು. ಕೆರಾ ಅಜ್ಜಿ ಪರದೆಯ ಹತ್ತಿರಕ್ಕೆ ಬಾಗಿದರು.

"ಬದುಕಿದ್ದಾಗ್ಲೂ ಹಿಂಗೇ," ಅಂದರು. "ಮದುವೆ ಮನೆಗೆ ಹೋದ್ರೆ ನನ್ನ ಬಿಟ್ಟು ಕಂಡೋರ ಹೆಂಗಸರ ಪಕ್ಕಾನೇ ಕೂರೋನು."

ಸಾಲಿನಲ್ಲಿದ್ದವರು ನಕ್ಕರು.

"ಅಜ್ಜಿ, ಮನೇಲಿ ಮೂಲ ಫೋಟೋ ಇದ್ಯಲ್ಲ?" ತ್ಸೊಂಕಾ ಕೇಳಿದರು.

"ಎಲ್ಲಿಂದ ಮಗಳೇ? ಇದ್ದಿದ್ದೇ ಅದೊಂದು, ನಾನೂ ಅವನೂ ಇರೋದು. ಹೆಣದ ಪೆಟ್ಟಿಗೆ ಮುಚ್ಚೋವಾಗ ಅವನ ಕೋಟಿನ ಜೇಬಲ್ಲಿ ಇಟ್ಟೆ. ಅಲ್ಲಿ ನಾನು ಹೋದಾಗ ಗುರುತು ಹಿಡೀಬೇಕಲ್ಲ. ನಿನ್ನ ಹತ್ರ ಒಂದು ಇದೆ ಅಂತ ಧೈರ್ಯದಿಂದ ಇಟ್ಟೆ."

ಅಜ್ಜಿಯ ಆ ಕೊನೆಯ ಮಾತನ್ನು ನನಗೆ ಹೇಳುವಾಗ ತ್ಸೊಂಕಾ ತಲೆ ತಗ್ಗಿಸುತ್ತಾರೆ. ತಲೆ ತಗ್ಗಿಸಬೇಕಾದವರು ಬೇರೆ. ತ್ಸೊಂಕಾ ಮೇಲಿನ ಮಹಡಿಗೆ ಹೋಗಿ ದೂರು ಹೇಳಿದರು. ಉಪಾಧ್ಯಕ್ಷರ ಕಾರ್ಯದರ್ಶಿ ಚಹಾ ಕದಡುತ್ತ ಕೇಳಿದರಂತೆ, "ಸತ್ತವರು ಯಾರಾದ್ರೂ ದೂರು ಕೊಟ್ಟಿದಾರೇನಮ್ಮ?" ವಾರದೊಳಗೆ ಆದೇಶ ಬಂತು. ಹಳೆಯ ಕಂಪ್ಯೂಟರು ಗುಜರಿಗೆ, ಸತ್ತವರ ಶನಿವಾರ ಕಳೆದ ಸೋಮವಾರ ಗಾಡಿ ಬರುತ್ತದೆ. ಹೊಸದು ಬರಲಿದೆ. ಹಳೆಯ ಚಿತ್ರಗಳನ್ನು ಹೊಸದಕ್ಕೆ ಸಾಗಿಸುವುದು ಗುತ್ತಿಗೆಯಲ್ಲಿ ಸೇರಿಲ್ಲ. ಬೇಕಾದವರು ಫೋಟೋ ಮತ್ತೆ ತರಲಿ.

ಎಲ್ಲಿಂದ ತರಬೇಕು? ದಿಂಕೊ ಅವರ ಜೇಬಿನಿಂದಲೇ? ಪುರಸಭೆಯ ಹೊಸ ಕಾರಂಜಿಗೆ ಬಣ್ಣದ ದೀಪ ಹಾಕುವುದು ಗುತ್ತಿಗೆಯಲ್ಲಿ ಸೇರುತ್ತದೆ. ಊರಿನ ಮೂರು ತಲೆಮಾರಿನ ಮುಖಗಳು ಸೇರುವುದಿಲ್ಲ.

ತ್ಸೊಂಕಾ ಕೂಗಾಡಲಿಲ್ಲ. ಇರುವುದನ್ನು ಮುದ್ರಿಸುವುದಷ್ಟೇ, ಆ ಡಿಸ್ಕಿನ ಮೇಲೆ ಹೊಸದೇನನ್ನೂ ಬರೆಯುವುದಿಲ್ಲವೆಂದು ಅಂದೇ ನಿರ್ಧರಿಸಿದರು. ಉಳಿದಿರುವಷ್ಟು ಮುಖಗಳನ್ನಾದರೂ ಇನ್ನೊಂದು ದೊಡ್ಡ ಡಿಸ್ಕಿಗೆ ದಾಟಿಸಬೇಕು. ಹುಡುಗಿಯಾಗಿದ್ದಾಗ ಅವರು ಜಿಲ್ಲಾ ಕೇಂದ್ರದ ಡಿಸ್ಕು ಕಾರ್ಖಾನೆಯಲ್ಲಿ ಬಿಳಿ ಟೊಪ್ಪಿಗೆ ಹಾಕಿಕೊಂಡು ಜೋಡಣೆಯ ಸಾಲಿನಲ್ಲಿದ್ದವರು. ಕಾರ್ಖಾನೆ ಮುಚ್ಚಿದಾಗ ಸಾವಿರಾರು ಹೆಂಗಸರು ಮನೆಗೆ ಬಂದರು. ಕೆಲವರು ಇಟಲಿಗೆ ಮುದುಕರ ಆರೈಕೆಗೆ ಹೋದರು. ತ್ಸೊಂಕಾ ಇಲ್ಲಿ ಸತ್ತವರ ಆರೈಕೆಗೆ ಸೇರಿದರು. "ಇವ್ರು ಬೈಯೋದಿಲ್ಲ, ಅದೊಂದು ಲಾಭ," ಎನ್ನುತ್ತಾರೆ.

ಡಿಸ್ಕು ಕೊಟ್ಟವರು ಮಾಂಸದಂಗಡಿಯ ಝಪ್ರ್ಯಾನ್. ಅಂಗಡಿಯ ಕಾವಲು ಕ್ಯಾಮೆರಾದ ಪೆಟ್ಟಿಗೆಯಿಂದ ತಾವೇ ಬಿಚ್ಚಿ ತಂದರು.

"ತಗೊಳ್ಳಕ್ಕ. ನಮ್ಮಪ್ಪನೂ ಆ ಕಂಪ್ಯೂಟರೊಳಗೇ ಇದಾನಲ್ಲ."

"ಕಳ್ಳರು ಬಂದ್ರೆ?"

"ಮಾಂಸ ತಾನೇ ಒಯ್ಯೋದು? ಒಯ್ಲಿ, ಉಂಡು ಹೋಗ್ಲಿ."

ಈ ಸಲ ತ್ಸೊಂಕಾ ಡಿಸ್ಕನ್ನು ನೇರವಾಗಿ ಸಿಕ್ಕಿಸಲಿಲ್ಲ. ಗಡಿಯಾಚೆಗೂ ಎಣಿಸಲು ಬಲ್ಲ ಒಂದು ಸಣ್ಣ ಕಾರ್ಡನ್ನು ಕಂಪ್ಯೂಟರಿನ ಖಾಲಿ ಸ್ಲಾಟಿನಲ್ಲಿ ಕೂರಿಸಿ, ಡಿಸ್ಕನ್ನು ಅದಕ್ಕೆ ಜೋಡಿಸಿದರು. ವಿದ್ಯುತ್ತಿನ ತಂತಿಯ ಬಾಯಿ ಹೊಂದಲಿಲ್ಲ, ಅದಕ್ಕೊಂದು ಬದಲಿ ತುಂಡು ಹುಡುಕಿದರು. ಎಲ್ಲ ಆದ ಮೇಲೂ ಅವರಿಗೆ ನಂಬಿಕೆ ಬರಲಿಲ್ಲ. ಗಡಿ ದಾಟಿಸಿಯೇ ನೋಡಬೇಕು. ಏನನ್ನು ತುಂಬಿ ನೋಡುವುದು? ಯಾರ ಮುಖವನ್ನೂ ಪಣಕ್ಕಿಡಲು ಅವರು ಒಪ್ಪಲಿಲ್ಲ. ತಮ್ಮದೇ ಒಂದು ಫೋಟೋ ತೆಗೆದುಕೊಂಡು, ಅದರ ನಕಲುಗಳನ್ನೇ ಗಡಿಯಾಚೆಗೂ ತುಂಬುವಂತೆ ಹಚ್ಚಿಟ್ಟು ಸಂಜೆ ಮನೆಗೆ ಹೋದರು.

"ಯಾರಾದ್ರೂ ಕಳೆದುಹೋಗೋದಾದ್ರೆ ನಾನೇ ಹೋಗ್ಲಿ ಅಂತ," ಎಂದು ನಗುತ್ತಾರೆ.

ಮರುದಿನ ಬೆಳಿಗ್ಗೆ ಗಾನಾ ಬೆದರಿದ್ದು ಅದನ್ನೇ ಕಂಡು. ಬನಿತ್ಸಾ ತಿಂದು ಕೈ ಒರೆಸಿಕೊಂಡ ತ್ಸೊಂಕಾ ಪಟ್ಟಿಯ ಮೊದಲಿಗೆ ಹೋಗಿ ತಮ್ಮ ಮೊಟ್ಟಮೊದಲ ನಕಲನ್ನು ತೆರೆಯುತ್ತಾರೆ; ಗಡಿಯಲ್ಲಿ ಎಣಿಕೆ ತಪ್ಪಿದ್ದರೆ ಮೊದಲು ಕೆಡುವುದು ಅದೇ. ಹಣೆ, ಕಣ್ಣು, ಮೂಗು, ಗಲ್ಲ. ಎಲ್ಲ ಇದೆ, ಯಾರ ತಲೆವಸ್ತ್ರವೂ ಇಲ್ಲ. ನಡುವಿನವನ್ನು ನೋಡುತ್ತಾರೆ, ಕೊನೆಯದನ್ನೂ ನೋಡುತ್ತಾರೆ. ಆಮೇಲೆ ನಕಲುಗಳನ್ನು ಅಳಿಸಿ, ಉಳಿದ ಸತ್ತವರನ್ನು ಒಬ್ಬೊಬ್ಬರಾಗಿ ದಾಟಿಸತೊಡಗುತ್ತಾರೆ.

ದಿಂಕೊ ಮಾತ್ರ ಅದರಲ್ಲಿ ಇಲ್ಲ. ಕೆರಾ ಅಜ್ಜಿಯ ಬಾಗಿಲಿನ ಹಾಳೆಯೂ ಮಳೆಗೆ ಮಾಸಿಹೋಗಿತ್ತು. ಅವರನ್ನು ಹುಡುಕುವ ದಾರಿ ಹೊಳೆದದ್ದು ಬಸ್ ನಿಲ್ದಾಣದಲ್ಲಿ. ನಮ್ಮಲ್ಲಿ ಸತ್ತವರ ಹಾಳೆಯನ್ನು ಯಾರೂ ಕೀಳುವುದಿಲ್ಲ. ಗಾಳಿ, ಮಳೆ ಒಯ್ದರೆ ಒಯ್ಯಲಿ, ಕೈ ಹಚ್ಚಬಾರದು. ಜಾಗವಿಲ್ಲದಿದ್ದರೆ ಹಳೆಯದರ ಮೇಲೆಯೇ ಹೊಸದನ್ನು ಅಂಟಿಸುತ್ತಾರೆ. ನಿಲ್ದಾಣದ ಹಲಗೆ ಹಾಗೆಯೇ ಬೆರಳಷ್ಟು ದಪ್ಪವಾಗಿದೆ. ಶುಕ್ರವಾರ ಮಧ್ಯಾಹ್ನ ತ್ಸೊಂಕಾ ಅಲ್ಲಿಗೆ ಬಿಸಿನೀರಿನ ಕೆಟಲು ಒಯ್ದರು, ಜೊತೆಗೆ ಕೆರಾ ಅಜ್ಜಿ. ಬಸ್ಸಿಗೆ ಕಾದಿದ್ದ ಮುದುಕರೊಬ್ಬರು ಕೋಲೆತ್ತಿದರು.

"ಏ! ಸತ್ತೋರನ್ನ ಕೀಳ್ತಿದೀರಾ? ಕೈ ಬಿದ್ದುಹೋಗುತ್ತೆ!"

"ಕೀಳ್ತಿಲ್ಲ ಕಣಯ್ಯಾ, ಎಬ್ಬಿಸ್ತಿದೀವಿ," ಕೆರಾ ಅಜ್ಜಿ ಗದರಿದರು. "ಸುಮ್ನೆ ನಿಂತು ಕೆಟಲು ಹಿಡ್ಕೊ."

ಅವರು ಹಿಡಿದುಕೊಂಡರು. ಬಸ್ಸು ಬಂದು ಹೋದರೂ ಹಿಡಿದುಕೊಂಡೇ ಇದ್ದರು. ತ್ಸೊಂಕಾ ಒಂದೊಂದು ಹಾಳೆಯನ್ನೂ ಹಬೆಯಲ್ಲಿ ನೆನೆಸಿ ಬಿಡಿಸಿದರು. ಕೆರಾ ಅಜ್ಜಿ ಆಯಾ ಹೆಸರು ಹೇಳಿ, "ಸ್ವಲ್ಪ ಜರುಗಪ್ಪ", "ಸ್ವಲ್ಪ ಜರುಗಮ್ಮ" ಎಂದು ಕ್ಷಮೆ ಕೇಳಿ ಮಡಿಲಿಗೆ ತೆಗೆದುಕೊಂಡರು. ಎಲ್ಲರ ಕೆಳಗೆ, ಮೇಲಿನವರೇ ಮಳೆಯಿಂದ ಕಾಪಾಡಿದ್ದರಿಂದ ಚೂರೂ ಮಾಸದೆ, ದಿಂಕೊ ಇದ್ದರು. ಪೂರ್ತಿ ಮುಖ, ಮೀಸೆ ಸಮೇತ. ಆ ಹಲಗೆಯ ಮೇಲೆ ಹೊಸಬರು ಬಂದು ಹಳಬರನ್ನು ಮುಚ್ಚಿದ್ದರು, ಅಳಿಸಿರಲಿಲ್ಲ. ದಿಂಕೊ ಅವರ ಮುಖದ ಫೋಟೋ ತೆಗೆದುಕೊಂಡು, ಬಿಡಿಸಿದ ಹಾಳೆಗಳನ್ನೆಲ್ಲ ಅವರು ಮತ್ತೆ ಹಿಟ್ಟಿನಂಟು ಬಳಿದು ಅದೇ ಕ್ರಮದಲ್ಲಿ ಅಂಟಿಸಿ ಬಂದರು.

ಶನಿವಾರ ಸ್ಮಶಾನದಲ್ಲಿ ಕೆರಾ ಅಜ್ಜಿ ಸಕ್ಕರೆ ಬೆರೆಸಿದ ಬೇಯಿಸಿದ ಗೋಧಿ ಹಂಚಿದರು. ಗೇಟಿನ ಮೇಲೆ ದಿಂಕೊ ಅವರ ಹತ್ತನೆಯ ವರ್ಷದ ಹಾಳೆ ಇತ್ತು. ಮೊದಲ ಹಿಡಿ ಅವರು ತ್ಸೊಂಕಾಗೆ ಕೊಟ್ಟರು. ಪುರಸಭೆಯಿಂದ ಯಾರೂ ಬಂದಿರಲಿಲ್ಲ.

ನಾಳೆ ಸೋಮವಾರ. ಗಾಡಿ ಬರುತ್ತದೆ. ಏನು ಮಾಡುತ್ತೀರಿ ಎಂದು ತ್ಸೊಂಕಾ ಅವರನ್ನು ಕೇಳಿದೆ.

"ಬರ್ಲಿ. ಕಂಪ್ಯೂಟರು ಅವರದ್ದು, ಒಯ್ಲಿ. ಡಿಸ್ಕು ಝಪ್ರ್ಯಾನ್‌ದು, ಕಾರ್ಡು ನಂದು. ಅವೆರಡಕ್ಕೂ ಕೈ ಹಚ್ಚೋಕೆ ಬಿಡಲ್ಲ. ಅದೇ ಥರದ ಇನ್ನೊಂದು ಹಳೇ ಕಂಪ್ಯೂಟರು ಶಾಲೆಯ ಅಟ್ಟದಲ್ಲಿದೆ, ಕೇಳಿ ಇಟ್ಟಿದೀನಿ."

ನಾನು ಎದ್ದು ಹೊರಡುವಾಗ ಅವರು ನನ್ನ ತೋಳು ಹಿಡಿದು ನಿಲ್ಲಿಸುತ್ತಾರೆ.

"ನನ್ನ ನಕಲೆಲ್ಲ ಅಳಿಸಿದೆ. ಒಂದನ್ನ ಬಿಟ್ಟಿದೀನಿ, ಹೇಗೂ ಜಾಗ ಬೇಕಾದಷ್ಟಿದೆ. ನನ್ನ ಸರದಿ ಬಂದಾಗ ಅದನ್ನೇ ಹಾಕಿ ಅಂತ ಹೇಳಿ. ಅದರಲ್ಲಿ ಕೂದಲು ಚೆನ್ನಾಗಿ ಬಂದಿದೆ."