ಅಪ್ಪನೂ ನಾನೂ ಒಟ್ಟಿಗೆ ಶಾಲೆಗೆ ಸೇರಿದ್ದು

ಹಿರೇಗುಂಟನೂರಿನಲ್ಲಿ ನಮ್ಮ ಮನೆಯ ಜಗಲಿಯೇ ಊರಿನ ಶಾಲೆಯಾಗಿತ್ತು. ಅಪ್ಪ ಅಲ್ಲಿ ಐಗಳು, ಎಂದರೆ ಒಕ್ಕಲು ಮಕ್ಕಳಿಗೂ ಅಂಗಡಿಯವರ ಮಕ್ಕಳಿಗೂ ಪಾಠ ಹೇಳುವ ಅಯ್ಯನವರು. ಅವರಿಗಿಂತ ಮುಂಚೆ ತಾತ ಅದೇ ಜಗಲಿಯಲ್ಲಿ ಅದೇ ಪಾಠ ಹೇಳುತ್ತಿದ್ದರಂತೆ. ನೆಲಕ್ಕೆ ಮರಳು ಹರಡಿ ಬೆರಳಿನಿಂದ ಅಕ್ಷರ ತಿದ್ದಿಸುವುದು, ಮಗ್ಗಿ ಕೂಗಿಸುವುದು, ಹಳೆಯ ಕಾಗದಪತ್ರ ಓದಿಸುವುದು, ಇಷ್ಟೇ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದವನ ಅಂಗೈಯಲ್ಲಿ ಅಪ್ಪ ಶ್ರೀ ಎಂದು ಬರೆಯುತ್ತಿದ್ದರು. ತಡವಾಗಿ ಬಂದವರಿಗೆ ಅದೇ ಅಂಗೈಗೆ ಬೆತ್ತ. ಮಕ್ಕಳೆಲ್ಲ ಒಟ್ಟಿಗೆ ಕೂಗಬೇಕು, ದನಿ ಸ್ವಲ್ಪ ಇಳಿದರೂ ಬೀದಿಯಲ್ಲಿ ಹೋಗುವವರು, "ಏನಪ್ಪ, ಅಯ್ನೋರು ಇವತ್ತು ಊರಾಗಿಲ್ವಾ?" ಎಂದು ಕೇಳುತ್ತಿದ್ದರು.

ಜಗಲಿಯ ತೊಲೆಗೆ ಒಂದು ಹಗ್ಗ ಕಟ್ಟಿತ್ತು. ಅದಕ್ಕೆ ಕೋದಂಡ ಎನ್ನುತ್ತಿದ್ದರು. ಪಾಠ ಒಪ್ಪಿಸದವನು, ಹೇಳದೆ ಕೇಳದೆ ತಪ್ಪಿಸಿಕೊಂಡವನು ಆ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ಜೋತಾಡಬೇಕು. ಕಾಲು ನೆಲಕ್ಕೆ ತಾಗಕೂಡದು. ಕೈ ಸೋತು ಬಿದ್ದರೆ ಏಟು. ನಾನು ಒಳಗಿನ ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಹೆಣ್ಣುಮಕ್ಕಳು ಜಗಲಿಗೆ ಬರುವ ಹಾಗಿರಲಿಲ್ಲ. ಮಗ್ಗಿಗಳೆಲ್ಲ ಕೇಳಿ ಕೇಳಿಯೇ ನನಗೆ ಬಾಯಿಪಾಠವಾಗಿದ್ದವು, ಆದರೆ ಒಂದಕ್ಷರವೂ ಬರುತ್ತಿರಲಿಲ್ಲ. ಅಪ್ಪ ಕ್ರೂರಿಯಲ್ಲ. ಊಟಕ್ಕೆ ಕೂತಾಗ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ತುತ್ತು ಕೊಡುವವರು. ಅವರ ಅಪ್ಪ ಅವರನ್ನೂ ಅದೇ ಹಗ್ಗಕ್ಕೆ ಹಾಕಿದ್ದರು. ಕಲಿಯುವುದೆಂದರೆ ಹಾಗೇ ಎಂದು ತಿಳಿದಿದ್ದರು.

ಆಮೇಲೆ ಊರಿಗೆ ಸರ್ಕಾರಿ ಶಾಲೆ ಬಂತು. ಚಾವಡಿಯ ಪಕ್ಕದ ಹಂಚಿನ ಮನೆಯಲ್ಲಿ ಗಂಟೆ, ಕರಿಹಲಗೆ, ಗೋಡೆಗೆ ನಕಾಶೆ. ಅಮಾವಾಸ್ಯೆ ಹುಣ್ಣಿಮೆಗೆ ಬದಲು ಭಾನುವಾರ ರಜೆ. ಮೈಸೂರಿನ ಕಡೆಯಿಂದ ಬಂದ ಮೇಷ್ಟ್ರು ಇನ್ನೂ ಚಿಕ್ಕ ವಯಸ್ಸಿನವರು. ಅವರ ಶಾಲೆಯಲ್ಲಿ ಕೋದಂಡವಿಲ್ಲ ಎಂಬ ಸುದ್ದಿ ಮೊದಲು ಹಬ್ಬಿದ್ದು ಹುಡುಗರಲ್ಲಿ. ಮಳೆಗಾಲ ಮುಗಿಯುವಷ್ಟರಲ್ಲಿ ನಮ್ಮ ಜಗಲಿ ಖಾಲಿಯಾಯಿತು. ಅಪ್ಪ ದಿನವೂ ಮರಳು ಜರಡಿ ಹಿಡಿದು ಹರಡಿ, ಕಂಬಕ್ಕೆ ಒರಗಿ ಕೂತಿರುತ್ತಿದ್ದರು. ಮನೆಯಲ್ಲಿ ಆ ಸದ್ದಿಲ್ಲದ ಬೆಳಗುಗಳು ನನಗೆ ಈಗಲೂ ನೆನಪಿವೆ. ಅವ್ವ ಪಾತ್ರೆಯನ್ನು ಸಹ ಮೆಲ್ಲಗೆ ಇಡುತ್ತಿದ್ದಳು.

ಒಂದು ದಿನ ಮೇಷ್ಟ್ರೇ ನಮ್ಮ ಮನೆಗೆ ಬಂದರು. ಜಗಲಿಯ ಕೆಳಗೆ ಮೆಟ್ಟು ಬಿಟ್ಟು, ಕೈಮುಗಿದು ನಿಂತರು.

"ನನಗೆ ಒಬ್ಬ ಸಹಾಯಕರು ಬೇಕು, ಅಯ್ನೋರೆ. ನಿಮ್ಮಂಥೋರು ಸಿಕ್ಕೋದಿಲ್ಲ. ಆದರೆ ದುರ್ಗದಲ್ಲಿ ಒಂದು ಪರೀಕ್ಷೆ ಕಟ್ಟಬೇಕಾಗ್ತದೆ."

"ನಾನು ಪರೀಕ್ಷೆ ಕಟ್ಟಾದಾ?" ಎಂದು ಅಪ್ಪ ನಕ್ಕರು.

"ಸರ್ಕಾರದ ಕಾಯಿದೆ. ಶಾಲೆಗೆ ಬಂದು ದೊಡ್ಡ ಮಕ್ಕಳ ಜೊತೆ ಕೂತ್ಕೊಳ್ಳಿ. ನಾನು ಹೇಳ್ಕೊಡ್ತೀನಿ."

ಮುಂದಿನ ನಾಲ್ಕೈದು ದಿನವೂ ಅಪ್ಪ ಮರಳು ಹರಡಿಕೊಂಡು ಜಗಲಿಯಲ್ಲೇ ಕೂತರು. ಆಮೇಲೆ ಒಂದು ಬೆಳಿಗ್ಗೆ ಮಡಿ ಪಂಚೆ ಉಟ್ಟು, ವಿಭೂತಿ ಧರಿಸಿ, ಪೇಟ ಸುತ್ತಿಕೊಂಡು ಬಾಗಿಲಲ್ಲಿ ನಿಂತು, "ಮಗೀಗೆ ತಲೆ ಬಾಚು. ಇವಳನ್ನೂ ಕರ್ಕೊಂಡು ಹೋಗ್ತೀನಿ" ಎಂದರು.

ಅವ್ವ ಗಾಬರಿಯಾದಳು. "ಹೆಣ್ಣು ಹುಡುಗಿ ಶಾಲೆಗೆ ಹೋಗಿ ಏನ್ ಮಾಡ್ಬೇಕೈತ್ರಿ? ಊರಾಗೆ ಏನಂದಾರು?"

"ನಾನೇ ಈ ವಯಸ್ಸಿನಾಗೆ ಹೊಂಟೀನಿ, ಅನ್ನಾರು ಅದನ್ನೇ ಅಂತಾರೆ. ಇವಳೂ ಬರ್ಲಿ ಬಿಡು. ಒಬ್ನೇ ಹೋಗಾಕೆ ನಂಗೂ ನಾಚ್ಕೆ ಆಗ್ತೈತೆ."

ಹೀಗೆ ಅಪ್ಪನೂ ನಾನೂ ಒಂದೇ ದಿನ ಶಾಲೆಗೆ ಸೇರಿದೆವು. ನಾನು ಮುಂದಿನ ಸಾಲಿನಲ್ಲಿ ಸ್ಲೇಟು ಹಿಡಿದು ಕೂತೆ. ಅಪ್ಪ ಗೋಡೆಯ ಬದಿಗೆ, ಮೊನ್ನೆಯವರೆಗೂ ತಮ್ಮ ಕೈಲೇ ಏಟು ತಿಂದ ಹುಡುಗರ ನಡುವೆ ಕೂತರು. ಹುಡುಗರು ಮೊದಮೊದಲು ಅವರಿಂದ ಒಂದು ಮಾರು ದೂರ ಸರಿದು ಕೂರುತ್ತಿದ್ದರು.

ಹೊಸ ಶಾಲೆಯಲ್ಲಿ ಅಪ್ಪನಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಸದ್ದಿಲ್ಲದೆ ಓದುವುದು. ಪುಸ್ತಕ ಕಂಡರೆ ಅವರ ಗಂಟಲು ತಾನಾಗಿ ಏಳುತ್ತಿತ್ತು. "ಮನಸ್ಸಿನಲ್ಲೇ ಓದಿ, ಅಯ್ನೋರೆ" ಎಂದು ಮೇಷ್ಟ್ರು ಹೇಳಿದಾಗ ಬಾಯಿ ಮುಚ್ಚುತ್ತಿದ್ದರು, ತುಟಿ ಮಾತ್ರ ಆಡುತ್ತಲೇ ಇರುತ್ತಿತ್ತು.

ಒಂದು ಮಧ್ಯಾಹ್ನ ಭೂಗೋಳದ ಪಾಠ. ನಕಾಶೆ ಪಡುವಲ ಗೋಡೆಯ ಮೇಲಿತ್ತು. ಮೇಷ್ಟ್ರು ಅಪ್ಪನನ್ನು ಎಬ್ಬಿಸಿ, ಹಿರಿಯೂರು ಎಲ್ಲಿದೆ ತೋರಿಸಿ ಎಂದರು. ಅಪ್ಪ ಹಿರಿಯೂರಿಗೆ ಎಷ್ಟೋ ಸಲ ಹೋಗಿ ಬಂದವರು, ವೇದಾವತಿಯಲ್ಲಿ ಮಿಂದವರು. ಅವರು ನಕಾಶೆಗೆ ಬೆನ್ನು ತಿರುಗಿಸಿ, ಬಾಗಿಲಾಚೆ ಮೂಡಲಿಗೆ ಕೈ ಮಾಡಿ, "ಅಲ್ಲೈತಲ್ರಿ" ಎಂದರು.

ಯಾರೋ ಒಬ್ಬ ಕಿಸಕ್ಕನೆ ನಕ್ಕ. ಆಮೇಲೆ ಇಡೀ ತರಗತಿ ನಕ್ಕಿತು. ಅಪ್ಪನ ಕಿವಿ ಕೆಂಪಾದದ್ದು ನನಗೆ ಮುಂದಿನ ಸಾಲಿನಿಂದಲೇ ಕಂಡಿತು. ನಾನು ಸ್ಲೇಟಿನ ಮೇಲೆ ತಲೆ ಬಗ್ಗಿಸಿದೆ. ಮೇಷ್ಟ್ರು ಯಾರನ್ನೂ ಗದರಿಸಲಿಲ್ಲ. ಮೊಳೆಯಿಂದ ನಕಾಶೆ ಬಿಡಿಸಿ ತಂದು ನೆಲಕ್ಕೆ ಹಾಸಿದರು. ಅದರ ಮೇಲ್ಭಾಗವನ್ನು ಬಡಗಲಿಗೆ ತಿರುಗಿಸಿ, "ಈಗ ಬನ್ನಿ, ಕೂತ್ಕೊಂಡು ನೋಡಿ. ನೀವು ತೋರಿಸಿದ ದಿಕ್ಕು ಸರಿಯಾಗೇ ಇದೆ" ಎಂದರು. ಅಪ್ಪ ಮಂಡಿಯೂರಿ ಕೂತರು. ಎಷ್ಟೋ ಹೊತ್ತು ಬೆರಳನ್ನು ನಿಧಾನವಾಗಿ ಸರಿಸುತ್ತ ಹೋಗಿ, ದುರ್ಗ ದಾಟಿ, ಹಿರಿಯೂರಿನ ಮೇಲೆ ನಿಲ್ಲಿಸಿದರು. ನಕ್ಕ ಹುಡುಗರೂ ಎದ್ದು ಬಂದು ಸುತ್ತ ಬಗ್ಗಿ ನೋಡುತ್ತಿದ್ದರು.

ಸಂಜೆ ಅಪ್ಪ ಊಟದ ಮುಂದೆ ಕೂತು ಮುದ್ದೆ ಮುರಿಯಲೇ ಇಲ್ಲ. ಅವ್ವ ಮೈ ಹುಷಾರಿಲ್ಲವೇ ಎಂದು ಕೇಳಿದಳು.

"ಇವತ್ತು ನಂಗೆ ಉತ್ತರ ಬರ್ಲಿಲ್ಲ" ಎಂದರು ಅಪ್ಪ. "ಗೋಡೆ ಮ್ಯಾಲಿದ್ದುದನ್ನ ಆ ಹುಡುಗ ಮೇಷ್ಟ್ರು ನನಗೋಸ್ಕರ ಕೆಳಗೆ ಇಳ್ಸಿದ. ನಾನು ಇಷ್ಟು ವರ್ಷ ಉತ್ತರ ಬಾರ್ದಿದ್ದ ಮಕ್ಕಳನ್ನ ಮ್ಯಾಲಕ್ಕೆ ಜೋತಾಕಿದೆ."

ಅವ್ವ ಅವರ ಎದುರು ಕೂತಳು. ಮಾರನೆಯ ಬೆಳಿಗ್ಗೆ ನಾನು ಎದ್ದು ಬರುವಷ್ಟರಲ್ಲಿ ಅಪ್ಪ ಮಣೆಯ ಮೇಲೆ ಹತ್ತಿ ತೊಲೆಗೆ ಕಟ್ಟಿದ್ದ ಕೋದಂಡದ ಗಂಟು ಬಿಚ್ಚುತ್ತಿದ್ದರು. ಹಳೆಯ ಗಂಟು, ಬೆರಳಿಗೆ ಬಿಚ್ಚಲು ಬಾರದೆ ಕೊನೆಗೆ ಕುಡುಗೋಲಿನಿಂದ ಕೊಯ್ದರು.

ಪರೀಕ್ಷೆಯಲ್ಲಿ ಮೊದಲ ಸಲ ಅಪ್ಪ ಫೇಲಾದರು, ಅದೂ ಲೆಕ್ಕದಲ್ಲಿ. ಕಾಲು, ಅರೆ, ಮುಕ್ಕಾಲಿನ ಲೆಕ್ಕವನ್ನೆಲ್ಲ ಕಣ್ಣು ಮುಚ್ಚಿ ಹೇಳುವವರು ಕಾಗದದ ಮೇಲೆ ಬರೀ ಉತ್ತರ ಬರೆದು ಬಂದಿದ್ದರು. ಮಾಡಿದ ಬಗೆಯನ್ನು ತೋರಿಸಿರಲಿಲ್ಲ. ಊರಿನ ಕೆಲವರು ಇನ್ನು ಸಾಕು ಎಂದರು. ಅಪ್ಪ ಮತ್ತೆ ಒಂದು ವರ್ಷ ನನ್ನ ಜೊತೆ ಶಾಲೆಗೆ ಬಂದರು. ಮುಂದಿನ ಸಲ ಪಾಸಾದರು. ಆದರೆ ಅಷ್ಟರಲ್ಲಿ ನಮ್ಮೂರಿನ ಜಾಗಕ್ಕೆ ಬೇರೆಯವರು ಬಂದಿದ್ದರಿಂದ ಅವರನ್ನು ಹಿರಿಯೂರು ಸೀಮೆಯ ಹರಿಯಬ್ಬೆಗೆ ಹಾಕಿದರು. ಅಲ್ಲಿ ಕುರಿ ಕಾಯುವವರ ಮಕ್ಕಳು ಮಂದೆಯ ಜೊತೆ ತಿಂಗಳುಗಟ್ಟಲೆ ಹೋಗಿಬಿಡುತ್ತಿದ್ದರು. ತಿರುಗಿ ಬಂದವರನ್ನು ಅಪ್ಪ ಎಲ್ಲಿದ್ದಿರಿ ಎಂದು ಗದರದೆ, ಯಾವ ಯಾವ ಊರು ನೋಡಿದಿರಿ ಎಂದು ಕೇಳಿ ಪಾಠ ಶುರುಮಾಡುತ್ತಿದ್ದರು.

ನನಗೆ ಚಿಕ್ಕಂದಿನಲ್ಲೇ ಮದುವೆಯಾಯಿತು. ಹೊಳಲ್ಕೆರೆಯ ಅತ್ತೆಮನೆಯಲ್ಲಿ ಹೆಚ್ಚು ದಿನ ಬಾಳಲಿಲ್ಲ. ಪ್ಲೇಗಿನಲ್ಲಿ ಗಂಡ ಹೋದರು. ತವರಿಗೆ ಮರಳಿ ಮೂಲೆ ಹಿಡಿದು ಕೂತಿದ್ದ ನನ್ನನ್ನು ಅಪ್ಪ ಮೈಸೂರಿಗೆ, ಉಪಾಧ್ಯಾಯಿನಿಯರ ತರಬೇತಿಗೆ ಕಳಿಸಿದರು. ನೆಂಟರು ಬರುವುದನ್ನು ನಿಲ್ಲಿಸಿದರು. ರಾಮಗಿರಿ ಸ್ಟೇಷನ್ನಿನಲ್ಲಿ ರೈಲು ಕಾಯುತ್ತ ನಾನು ಅತ್ತುಬಿಟ್ಟೆ. "ನಂಗೆ ಆಗಲ್ಲಪ್ಪ, ಮರೆತೋಗೈತೆ ಎಲ್ಲಾ."

"ನೀನು ಜೊತೆಗಿದ್ದಿ ಅಂತ ನಾನು ಶಾಲೆಗೆ ಹೋದೆ. ಈಗ ನಾನು ಜೊತೆಗೆ ಬರಾಕಾಗಲ್ಲ, ಅಷ್ಟೇ ನನ್ನ ದುಃಖ" ಎಂದು ಅಪ್ಪ ಪೇಟದ ಅಂಚಿನಿಂದ ಕಣ್ಣೊರೆಸಿಕೊಂಡರು.

ಹೊಸದುರ್ಗದ ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ತಲೆ ನೆರೆಯುವವರೆಗೂ ಪಾಠ ಹೇಳಿದೆ. ಅಪ್ಪ ಹರಿಯಬ್ಬೆಯಲ್ಲೇ ತೀರಿಕೊಂಡರು. ಈಗ, ಹರಿಯಬ್ಬೆಯಲ್ಲಿ ಹುಟ್ಟಿದ ನನ್ನ ತಮ್ಮನ ಮೊಮ್ಮಗಳು ನನ್ನ ಮುಂದೆ ಕೂತು ಓದುತ್ತಾಳೆ, ತುಟಿಯೂ ಅಲುಗುವುದಿಲ್ಲ. ಮೊನ್ನೆ ಮುಕ್ಕಾಲಿನ ಮಗ್ಗಿ ಕೇಳಿದೆ. ಅದು ನಮಗಿಲ್ಲ ಅಜ್ಜಿ ಎಂದಳು. ಅವಳ ಶಾಲೆಯಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ತಪ್ಪು ಬರೆದರೆ ಮಕ್ಕಳೇ ಎದ್ದು ಹೇಳುತ್ತಾರಂತೆ. "ಅವರಿಗೆ ಸಿಟ್ಟು ಬರಲ್ವೇನೇ?" ಎಂದೆ. "ಯಾಕೆ ಬರ್ಬೇಕು?" ಎಂದು ಅವಳು ನಿಜವಾಗಿಯೂ ಅರ್ಥವಾಗದೆ ನನ್ನ ಮುಖ ನೋಡಿದಳು. ಓದಮ್ಮ ಎಂದೆ.