ಮೂರು ಬೆರಳಿನ ಜಾಗ

ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿಯೊಳಗೆ, ಹಳೆಯ ಮರಾಠಿ ಪೇಪರಿನಲ್ಲಿ ಸುತ್ತಿದ ಒಂದು ಗಂಟು ಸಿಕ್ಕಿತು. ಬಿಚ್ಚುವ ಮೊದಲೇ ವಾಸನೆ ಬಂತು. ಹಳಸಿದ ರಬ್ಬರು, ಗ್ರೀಸು, ಅವೆರಡರ ಹಿಂದೆ ಎಲ್ಲೋ ಅರಿಶಿನ... ಈ ಮೂರೂ ಕೂಡಿದ ವಾಸನೆ ಇದ್ದದ್ದು ಒಬ್ಬ ಮನುಷ್ಯನ ಕೈಗೆ ಮಾತ್ರ.

ನಾನು ಹುಡುಕುತ್ತಿದ್ದದ್ದು ಬೇರೆ. ಎರಡು ವಾರದಿಂದ ಕಾರು ಎಡಗಡೆ ಮುಂದಿನ ಗಾಲಿಯ ಹತ್ತಿರ ಕಟ್ ಕಟ್ ಅನ್ನುತ್ತಿತ್ತು. ಯಾವುದೋ ಬಾಟಲಿ ಉರುಳುತ್ತಿರಬೇಕು ಎಂದುಕೊಂಡು ಸೀಟಿನ ಅಡಿ ನೋಡಿದೆ, ಮ್ಯಾಟ್ ಎತ್ತಿ ನೋಡಿದೆ, ಮರುದಿನ ಮತ್ತೆ ಅದನ್ನೇ ಮಾಡಿದೆ. ನನ್ನ ವಯಸ್ಸಿನವರು ಮಧ್ಯಾಹ್ನ ಮಲಗುತ್ತಾರಂತೆ. ನಾನು ಪಾರ್ಕಿಂಗಿನಲ್ಲಿ ಮೊಣಕಾಲೂರಿ ಕೂತಿರುತ್ತೇನೆ. ಐ ಕೆನಾಟ್ ಸಿಟ್ ಸ್ಟಿಲ್. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಇದೇ ದೂರನ್ನು ನನ್ನ ರಿಪೋರ್ಟ್ ಕಾರ್ಡಿನಲ್ಲಿ ಪ್ರತಿ ವರ್ಷ ಬರೆಯುತ್ತಿದ್ದರು.

ಗಂಟಿನಲ್ಲಿ ಗಾಲಿಯ ಕೀಲುಗಳಲ್ಲಿ ಕೂರುವ ನಾಲ್ಕು ರಬ್ಬರ್ ಬುಶ್‌ಗಳಿದ್ದವು, ಒಣಗಿ ಬಿರಿದಿದ್ದವು. ಒಂದು ಸವೆದ ಬಾಲ್ ಜಾಯಿಂಟ್. ಪ್ರತಿಯೊಂದರ ಮೇಲೂ ಸೀಮೆಸುಣ್ಣದಲ್ಲಿ ಕನ್ನಡ ಅಕ್ಷರ. ಎಡಗಡೆಯದಕ್ಕೆ ‘ಎ’, ಬಲಗಡೆಯದಕ್ಕೆ ‘ಬ’. ಆ ಸೀಮೆಸುಣ್ಣವನ್ನು ನಾನು ಪಾಠ ಮಾಡುತ್ತಿದ್ದ ಶಾಲೆಯಿಂದ ತಂದು ಕೊಡುತ್ತಿದ್ದವಳು ನಾನೇ.

ಅಂದರೆ ಇವು ನಮ್ಮ ಮಿಸ್ತ್ರಿ ತೆಗೆದ ಭಾಗಗಳು. ಕಾರಿನಿಂದ ತೆಗೆದದ್ದನ್ನು ಆತ ಎಂದೂ ಇಟ್ಟುಕೊಳ್ಳುತ್ತಿರಲಿಲ್ಲ, ಕಟ್ಟಿ ಮಾಲೀಕರ ಕೈಗೇ ಕೊಡುತ್ತಿದ್ದ, ಇಲ್ಲವೆ ಅವರ ಡಿಕ್ಕಿಯಲ್ಲಿಡುತ್ತಿದ್ದ. ಆತನ ಶೆಡ್ಡು ಪುಣೆಯ ಹತ್ತಿರದ ದೇಹೂ ರೋಡಿನಲ್ಲಿ, ಹಿಟ್ಟಿನ ಗಿರಣಿಯ ಪಕ್ಕ. ನಮ್ಮ ಮನೆಯವರ ನೌಕರಿ ಅಲ್ಲೇ ಇದ್ದದ್ದು, ಮನೆ ನಿಗಡಿಯಲ್ಲಿ. ಒಮ್ಮೆ ಕಾರು ನಡುರಸ್ತೆಯಲ್ಲಿ ನಿಂತಾಗ ನಾನು ಅದಕ್ಕೆ ಕನ್ನಡದಲ್ಲಿ ಬೈಯುತ್ತಿದ್ದೆ. ರಸ್ತೆಯ ಆಚೆಯಿಂದ ಒಬ್ಬ, “ಇನ್ನೊಂದಿಷ್ಟು ಬೈರಿ ಬಾಯಾರ, ಭಾಳ ದಿನಾ ಆಗಿತ್ತು ಇಂಥಾ ಮಾತ ಕೇಳಿ” ಎಂದ. ಅಫಜಲಪುರದ ಕಡೆಯವನು. ಲಾರಿಗಳ ಅಡಿಯಲ್ಲಿ ಮಲಗಿ ಕೆಲಸ ಕಲಿತವನು. ಅಂದಿನಿಂದ ಆತ ನಮ್ಮ ಮಿಸ್ತ್ರಿ, ನಾನು ಆತನಿಗೆ ಬಾಯಾರು, ಅಂದರೆ ಅಮ್ಮಾವ್ರು.

ಆತನ ಕೆಲಸದ ರೀತಿಯೇ ಬೇರೆ. ಹೊಸ ಬುಶ್ ಕೂರಿಸುವ ಮೊದಲು ಜೇಜುರಿಯ ದೇವರ ಭಂಡಾರವನ್ನು, ಆ ಅರಿಶಿನದ ಪುಡಿಯನ್ನು, ಒಂದು ಚಿಟಿಕೆ ಅದಕ್ಕೆ ಹಚ್ಚುತ್ತಿದ್ದ. ತೆಗೆದ ಹಳೆಯದಕ್ಕೂ ಹಚ್ಚುತ್ತಿದ್ದ. ಸತ್ತ ರಬ್ಬರಿಗೇಕೆ ಅರಿಶಿನ ಎಂದು ಕೇಳಿದರೆ, “ಅವೂ ದುಡದಾವಲ್ರಿ” ಎನ್ನುತ್ತಿದ್ದ. ಇನ್ನೊಂದು ಹಟ ಇತ್ತು. ಕಾರು ಜಾಕಿನ ಮೇಲೆ ನೇತಾಡುತ್ತಿರುವಾಗ ಬುಶ್‌ನ ಬೋಲ್ಟನ್ನು ಪೂರ್ತಿ ಬಿಗಿ ಮಾಡುತ್ತಿರಲಿಲ್ಲ. ಗಾಲಿ ನೆಲಕ್ಕೆ ಇಳಿಯಬೇಕು, ಕಾರಿನಲ್ಲಿ ದಿನವೂ ಕೂರುವವರು ಬಂದು ತಮ್ಮ ತಮ್ಮ ಜಾಗದಲ್ಲಿ ಕೂರಬೇಕು, ಆಮೇಲೆ ಆತ ಕೆಳಗೆ ನುಸುಳಿ ಪಾನಾ ಹಾಕಿ ಬೋಲ್ಟ್ ತಿರುವುತ್ತಿದ್ದ.

“ನೇತಾಡುವಾಗ ಬಿಗಿ ಮಾಡಿದ್ರ ಇಳಿಸಿದ ಕೂಡ್ಲೆ ರಬ್ಬರ್ ತಿರುವಿಕೊಂಡು ನಿಂದರ್ತದ್ರಿ. ಹಂಗ ನಿಂತಿದ್ದು ಎಷ್ಟು ದಿನ ಬಾಳ್ತದ?”

ಬಿಗಿ ಮಾಡಿದ ಮೇಲೆ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಬೆರಳುಗಳನ್ನು ಅಡ್ಡ ಇಟ್ಟು ನೋಡುತ್ತಿದ್ದ. ನಮ್ಮ ಕಾರಿಗೆ, ನಾವಿಬ್ಬರೂ ಕೂತಾಗ, ಎಡಗಡೆ ಮೂರು ಬೆರಳು.

ನಮ್ಮವರಿಗೆ ಬೆನ್ನುಮೂಳೆಯ ಕ್ಯಾನ್ಸರ್ ಎಂದು ತಿಳಿದಾಗ ಕಾರು ಎರಡು ಲಕ್ಷ ಕಿಲೋಮೀಟರ್ ದಾಟಿತ್ತು. ಮೂರು ವಾರಕ್ಕೊಮ್ಮೆ ಪುಣೆ ಸ್ಟೇಷನ್ ಹತ್ತಿರದ ಆಸ್ಪತ್ರೆಗೆ ಹೋಗಬೇಕು. ಚಿಂಚವಡ, ಕಾಸಾರವಾಡಿ, ದಾಪೋಡಿ, ಖಡಕಿ... ದಾರಿಯುದ್ದಕ್ಕೂ ಅಗೆದಿದ್ದ ಕಾಲ. ಆಂಬುಲೆನ್ಸ್ ಬೇಡ ಎಂದರು. “ಅದರಾಗ ಕೂತರ ಮಂದಿ ದಾರಿ ಬಿಡ್ತಾರ, ನಾ ಅಷ್ಟು ಸೀರಿಯಸ್ ಇಲ್ಲ” ಎಂದು ನಕ್ಕರು. ಡ್ರೈವಿಂಗ್ ನನ್ನದೇ. ಪ್ರತಿ ಗುಂಡಿಗೂ ಬಾಗಿಲ ಮೇಲಿನ ಹಿಡಿಯನ್ನು ಅವರು ಬಿಗಿಯಾಗಿ ಹಿಡಿಯುತ್ತಿದ್ದರು. ಬೆರಳ ಗಿಣ್ಣುಗಳು ಬಿಳಿಯಾಗುವುದು ನನಗೆ ಕಾಣುತ್ತಿತ್ತು. ಎರಡನೆಯ ಸಲ ಹೋಗಿ ಬಂದ ಮೇಲೆ, ಮುಂದಿನ ಸಲ ಹೋಗುವುದೇ ಬೇಡ ಎಂದರು. ಔಷಧದ ಹೆದರಿಕೆಯಲ್ಲ, ದಾರಿಯ ಹೆದರಿಕೆ.

ಮರುದಿನ ಬೆಳಿಗ್ಗೆ ಮಿಸ್ತ್ರಿಯ ಶೆಡ್ಡಿಗೆ ಹೋದೆ. ಏನು ಹೇಳಿದೆನೋ ನೆನಪಿಲ್ಲ... ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿರಬೇಕು, ಅಳು ಬರುವಾಗ ನನಗೆ ಇಂಗ್ಲಿಷೇ ಬರುತ್ತದೆ. ಆತ ಕೇಳಿಸಿಕೊಂಡು, ಕೈ ಒರೆಸಿಕೊಂಡು, ಕಾರಿನ ಎಡಗಡೆ ಬಾಗಿಲು ತೆಗೆದು ನಮ್ಮವರ ಸೀಟಿನಲ್ಲಿ ಕೂತ. “ನಡೀರಿ ದವಾಖಾನಿಗೆ. ಸಾಹೇಬ್ರನ್ನ ಕರಕೊಂಡು ಹೋದಂಗೇ ಹೋಗ್ರಿ.”

ಅಷ್ಟು ದೂರ ಆತ ಕಣ್ಣು ಮುಚ್ಚಿಕೊಂಡೇ ಕೂತಿದ್ದ. ನಮ್ಮವರ ಹಾಗೆಯೇ ಮೇಲಿನ ಹಿಡಿ ಹಿಡಿದಿದ್ದ. ನಡುನಡುವೆ, “ಇದು ಬುಶ್ ಬಡೀತು... ಇದು ಶಾಕಪ್... ಇದು ಮಾತ್ರ ನಿಮ್ಮ ಕಾಲು, ಬಾಯಾರ” ಎನ್ನುತ್ತಿದ್ದ. ಉಬ್ಬು ಬಂದಾಗ ನಾನು ಕೊನೆಯ ತನಕ ಬ್ರೇಕ್ ಒತ್ತಿಯೇ ಇರುತ್ತಿದ್ದೆನಂತೆ. ಮೊದಲೇ ನಿಧಾನ ಮಾಡಿ, ಉಬ್ಬು ಹತ್ತುವಾಗ ಬ್ರೇಕಿನಿಂದ ಕಾಲು ತೆಗೆಯಬೇಕಂತೆ, ಇಲ್ಲದಿದ್ದರೆ ಮೂತಿ ತಗ್ಗಿದ ಗಾಡಿ ಇನ್ನೂ ಜೋರಾಗಿ ಬಡಿಯುತ್ತದೆ. ಮೂವತ್ತು ವರ್ಷ ಗಾಡಿ ಓಡಿಸಿದವಳು ನಾನು. ಐ ವಾಸ್ ಕ್ವೈಟ್ ಅಫೆಂಡೆಡ್. ಆದರೂ ಕಲಿತೆ. ಖಡಕಿಯಲ್ಲಿ ಕ್ಯಾಂಟೋನ್ಮೆಂಟಿನ ಒಳದಾರಿಯನ್ನೂ ಆತನೇ ತೋರಿಸಿದ. ಸುತ್ತು ಹೆಚ್ಚು, ಗುಂಡಿ ಕಡಿಮೆ.

ನಾಲ್ಕು ದಿನ ಕಾರು ಶೆಡ್ಡಿನಲ್ಲಿತ್ತು. ಬುಶ್, ಬಾಲ್ ಜಾಯಿಂಟ್, ಶಾಕ್ ಅಬ್ಸಾರ್ಬರ್ ಎಲ್ಲ ಹೊಸದಾದವು. ಕೊನೆಯ ಬಿಗಿತಕ್ಕೆ ಮಿಸ್ತ್ರಿ ಕಾರನ್ನು ನಮ್ಮ ಗೇಟಿಗೇ ತಂದ. ನಮ್ಮವರು ಮೆಟ್ಟಿಲಿಳಿದು ಬಂದು ಕೂತರು.

“ಮಿಸ್ತ್ರಿ, ನನ್ನ ತೂಕ ಇನ್ನೂ ಇಳಕೋತ ಹೊಂಟದಲ್ಲೋ. ಆವಾಗೇನು ಮಾಡ್ತಿ?”

“ಆವಾಗ ಮತ್ತ ಬಂದು ಬಿಗಿ ಮಾಡ್ತೀನ್ರಿ ಸಾಹೇಬ್ರ” ಎಂದಿತು ಕಾರಿನ ಅಡಿಯಿಂದ ದನಿ.

ಚೇಷ್ಟೆಯೆಂದುಕೊಂಡಿದ್ದೆ. ಆತ ನಿಜವಾಗಿಯೂ ಬಂದ. ಪ್ರತಿ ಸಲ ಆಸ್ಪತ್ರೆಗೆ ಹೋಗುವ ಮುಂಚಿನ ದಿನ ಬಂದು, ಬೋಲ್ಟ್ ಸಡಿಲಿಸಿ, ನಮ್ಮವರನ್ನು ಕೂರಿಸಿ, ಮತ್ತೆ ಬಿಗಿ ಮಾಡಿ, ಬೆರಳಿಟ್ಟು ನೋಡಿ ಹೋಗುತ್ತಿದ್ದ. ಅವರ ತೂಕ ಇಳಿದಷ್ಟು ಕಾರು ಮೇಲೇಳುತ್ತಿತ್ತು, ಮೂರು ಬೆರಳು ಇದ್ದದ್ದು ಮೂರೂವರೆಗೆ ಬಂತು. ಮುಂದೆ ಒಬ್ಬ ಇಂಜಿನಿಯರ್ ಇದನ್ನು ಕೇಳಿ ನಕ್ಕರು, ಅಷ್ಟಕ್ಕೆಲ್ಲ ಏನೂ ವ್ಯತ್ಯಾಸವಾಗುವುದಿಲ್ಲ ಎಂದರು. ಇರಬಹುದು. ಅವರು ಆ ಸೀಟಿನಲ್ಲಿ ಕೂತಿರಲಿಲ್ಲ.

ಇನ್ನು ಒಂದು ಸುಳ್ಳಿನ ವಿಷಯ ಬರೆಯಬೇಕು.

ಆಸ್ಪತ್ರೆಯ ಕಾರ್ಡು ನನ್ನ ಪರ್ಸಿನಲ್ಲಿರುತ್ತಿತ್ತು. ಪ್ರತಿ ಸಲ ಅದರಲ್ಲಿ ತೂಕ ಬರೆಯುತ್ತಿದ್ದರು. ಕನ್ನಡಕವಿಲ್ಲದೆ ನಮ್ಮವರಿಗೆ ತೂಕದ ಕಾಟಾದ ಅಂಕಿ ಕಾಣುತ್ತಿರಲಿಲ್ಲ. ಎಷ್ಟು ಎಂದು ನನ್ನನ್ನು ಕೇಳುತ್ತಿದ್ದರು. ನಾನು ಹತ್ತು, ಹದಿನೈದು ಕಿಲೋ ಕೂಡಿಸಿಯೇ ಹೇಳುತ್ತಿದ್ದೆ. ಸುಳ್ಳು ಹೇಳಬಾರದೆಂದು ಸಿಸ್ಟರ್‌ಗಳು ಕಲಿಸಿದ್ದರು. ಯಾರ ತೂಕದ ಮಾತನ್ನೂ ಎತ್ತಬಾರದೆಂದೂ ಅವರೇ ಕಲಿಸಿದ್ದರು. ನಾನು ಎರಡನೆಯದನ್ನು ಹಿಡಿದುಕೊಂಡೆ. ಆ ಅಂಕಿಯನ್ನು ನಂಬಿ ಅವರು ಒಂದು ತುತ್ತು ಹೆಚ್ಚು ಉಣ್ಣುತ್ತಿದ್ದರು, ಅಷ್ಟು ನನಗೆ ಸಾಕಿತ್ತು.

ಆರನೆಯ ಸಲದ ಹೊತ್ತಿಗೆ ಅವರಿಗೆ ಮೆಟ್ಟಿಲಿಳಿಯುವುದು ಆಗುತ್ತಿರಲಿಲ್ಲ. ಮರುದಿನ ಹೇಗೂ ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಬರಬೇಕು, ಬೋಲ್ಟಿಗಾಗಿ ಇನ್ನೊಂದು ಸಲ ಬೇಡ ಎಂದೆ. ಮಿಸ್ತ್ರಿ ತಲೆಯಾಡಿಸಿ ಹೋದ. ಸ್ವಲ್ಪ ಹೊತ್ತಿಗೆ ರಿಕ್ಷಾದಲ್ಲಿ ಗಿರಣಿಯಿಂದ ಗೋಧಿಯ ಸಣ್ಣ ಸಣ್ಣ ಚೀಲಗಳನ್ನು ಹಾಕಿಕೊಂಡು ಬಂದ. ಕೆಲವು ಹತ್ತು ಕಿಲೋದವು, ಕೆಲವು ಐದು, ಮೇಲೆ ಸೀಮೆಸುಣ್ಣದ ಅಂಕಿ.

“ಸಾಹೇಬ್ರ ತೂಕ ಈಗ ಎಷ್ಟದ್ರಿ ಬಾಯಾರ? ಅಷ್ಟು ಇಟ್ಟು ಬಿಗಿ ಮಾಡ್ತೀನಿ.”

ಮಲಗುವ ಕೋಣೆಯ ಕಿಟಕಿ ನೇರ ಗೇಟಿನ ಮೇಲೆ, ಮೊದಲನೆಯ ಮಹಡಿಯಲ್ಲಿ. ಕಿಟಕಿ ತೆರೆದಿತ್ತು. ಅವರ ಮಂಚ ಅದಕ್ಕೆ ಹತ್ತಿಕೊಂಡೇ ಇತ್ತು. ಕಾರ್ಡಿನಲ್ಲಿ ಇದ್ದದ್ದು ಐವತ್ತಮೂರು. ಅವರಿಗೆ ನಾನು ಹೇಳಿದ್ದು ಅರವತ್ತೆಂಟು. ನಿಜ ಹೇಳಿದರೆ ಅವರಿಗೆ ಕೇಳಿಸುತ್ತದೆ. ಸುಳ್ಳು ಹೇಳಿದರೆ ಬೋಲ್ಟು ತಪ್ಪಾಗಿ ಕೂರುತ್ತದೆ, ನಾಳೆಯ ದಾರಿಯುದ್ದಕ್ಕೂ ಅವರ ಬೆನ್ನಿಗೆ ಪೆಟ್ಟು...

“ಅರವತ್ತೆಂಟು” ಎಂದೆ. ಜೋರಾಗಿಯೇ ಎಂದೆ.

ನನ್ನನ್ನು ಸ್ಟೇರಿಂಗ್ ಮುಂದೆ ಕೂರಿಸಿ, ಮಿಸ್ತ್ರಿ ಪಕ್ಕದ ಸೀಟಿನಲ್ಲಿ ಹತ್ತರ ಆರು ಚೀಲ, ಐದರದ್ದು ಒಂದು ಇಟ್ಟ. ಮೇಲೆ ಪಾನಾಗಳ ಡಬ್ಬಿ, ಅದು ಮೂರು ಕಿಲೋ. ಆಮೇಲೆ ಗಾಲಿಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ಬೆರಳಿಟ್ಟು, ನನಗೆ ಎತ್ತಿ ತೋರಿಸಿದ. ಮೂರು. ಹಿಂದಿನ ಸಲ ನಮ್ಮವರೇ ಕೂತಾಗ ಮೂರೂವರೆ ಇದ್ದದ್ದು ಆತನಿಗೆ ನೆನಪಿಲ್ಲದೆ ಇರುತ್ತದೆಯೇ? ತಲೆ ಎತ್ತಿ ನನ್ನನ್ನು ನೋಡಿದ. ಆಮೇಲೆ ಕಿಟಕಿಯನ್ನು ನೋಡಿದ.

ಎದ್ದು, ಒಂದು ಹತ್ತರ ಚೀಲವನ್ನು ಸೀಟಿನಿಂದ ಎತ್ತಿ, ಮಗುವನ್ನು ಮಲಗಿಸುವ ಹಾಗೆ ಸಪ್ಪಳವಿಲ್ಲದೆ ನೆಲಕ್ಕಿಟ್ಟ. ಬೆರಳಿಟ್ಟು ನೋಡಿದ. ಐದರ ಚೀಲವನ್ನೂ ತೆಗೆದ. ಮತ್ತೆ ನೋಡಿದ. ಮೂರೂವರೆ. ಕೆಳಗೆ ನುಸುಳಿ ಬೋಲ್ಟ್ ಬಿಗಿ ಮಾಡಿ ಹೊರಬಂದವನು ಕಿಟಕಿಯ ಕಡೆ ಮುಖ ಎತ್ತಿ ಕೂಗಿದ.

“ಅರವತ್ತೆಂಟಕ್ಕ ಬರೋಬ್ಬರಿ ಕುಂತದ ನೋಡ್ರಿ ಸಾಹೇಬ್ರ!”

ಮೇಲಿನಿಂದ ಸಣ್ಣ ದನಿ ಬಂತು. “ಮತ್ತೇನಪಾ, ನಿಮ್ಮ ಬಾಯಾರ ಅಡಿಗಿ!”

ಮರುದಿನ ದಾಪೋಡಿಯ ಸೇತುವೆ ದಾಟುವಾಗ ಪಕ್ಕಕ್ಕೆ ನೋಡಿದೆ. ಹಿಡಿಯ ಮೇಲೆ ಕೈ ಇರಲಿಲ್ಲ. ಅವರು ನಿದ್ದೆ ಹೋಗಿದ್ದರು. ಆಸ್ಪತ್ರೆಯ ಗೇಟಿನಲ್ಲಿ ಎಚ್ಚರಾಗಿ, “ಬಂತೇನು?” ಎಂದರು. ಸೀಟಿನ ಬೆಲ್ಟ್ ಬಿಚ್ಚುತ್ತ, “ಮಿಸ್ತ್ರಿ ಭಾಳ ಶಾಣ್ಯಾ ಇದ್ದಾನ” ಎಂದರು. ಯಾವುದಕ್ಕೆ ಹಾಗೆಂದರೋ...

ಅದಾಗಿ ಆರು ವಾರಕ್ಕೆ ಎಲ್ಲ ಮುಗಿಯಿತು. ಆ ದಿನ ಮಿಸ್ತ್ರಿ ಬಂದಿದ್ದ. ಮೇಲೆ ಬರಲಿಲ್ಲ. ಕೆಳಗೆ ಕಾರಿನ ಎಡಗಡೆ ಮಡ್‌ಗಾರ್ಡಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ. ಕಿಟಕಿಯಿಂದ ನೋಡಿದೆ. ಕರೆಯಲಿಲ್ಲ. ನಾನು ಗಂಡನಿಗೆ ಸುಳ್ಳು ಹೇಳಿದವಳೆಂದು ಗೊತ್ತಿದ್ದದ್ದು ಲೋಕದಲ್ಲಿ ಆತನೊಬ್ಬನಿಗೇ. ಆ ಮುಖವನ್ನು ಮತ್ತೆ ನೋಡಲು ನನ್ನಿಂದ ಆಗಲಿಲ್ಲ. ಆಮೇಲೆ ಕಾರನ್ನು ಬೇರೆ ಕಡೆ ಒಯ್ದೆ, ಬಿಳಿ ಟೈಲ್ಸ್, ಕಾಫಿ ಮಶೀನ್, ‘ಪ್ಲೀಸ್ ಬಿ ಸೀಟೆಡ್ ಮ್ಯಾಡಮ್’ ಎನ್ನುವಂಥ ಕಡೆ. ಹನ್ನೊಂದು ವರ್ಷ. ಥ್ಯಾಂಕ್ ಯೂ ಎಂಬ ಎರಡು ಶಬ್ದವನ್ನು ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದವಳು ನಾನು.

ಗಂಟು ಸಿಕ್ಕ ಮರುದಿನ, ತಿಂಡಿಯನ್ನೂ ಪೂರ್ತಿ ತಿನ್ನದೆ, ದೇಹೂ ರೋಡಿಗೆ ಹೋದೆ. ಶೆಡ್ಡಿದ್ದ ಜಾಗದಲ್ಲಿ ಮೊಬೈಲ್ ಅಂಗಡಿ. ಗಿರಣಿ ಇತ್ತು. ಗಿರಣಿಯ ಮುದುಕಿ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, “ಮಿಸ್ತ್ರಿ ಗೇಲೇ ಹೋ ಬಾಯಿ” ಎಂದಳು. ಮೂರು ವರ್ಷದ ಹಿಂದೆ ಊರಿಗೆ ಹೋದನಂತೆ, ಹೋದ ವರ್ಷ ಅಲ್ಲೇ ತೀರಿಕೊಂಡನಂತೆ. ಒಳ್ಳೆಯವನು, ಆದರೆ ಅರೆಹುಚ್ಚ ಎಂದಳು ಮರಾಠಿಯಲ್ಲಿ. ಒಮ್ಮೆ ತನ್ನ ಹತ್ತಿರ ಗೋಧಿ ತೂಗಿಸಿ ತೂಗಿಸಿ ಚೀಲ ತುಂಬಿಸಿಕೊಂಡು ಹೋಗಿ, ಸಂಜೆಯೊಳಗೆ ಒಂದು ಕಾಳೂ ಕಡಿಮೆಯಾಗದಂತೆ ವಾಪಸು ತಂದಿಟ್ಟನಂತೆ. ಯಾಕೆಂದು ಎಷ್ಟು ಕೇಳಿದರೂ ಹೇಳಲಿಲ್ಲವಂತೆ.

ಹೇಳಲಿಲ್ಲ. ಯಾರಿಗೂ ಹೇಳಲಿಲ್ಲ.

ಈ ದಿನ ಬೆಳಿಗ್ಗೆ ಆಕುರ್ಡಿಯ ಒಂದು ಗ್ಯಾರೇಜಿನಲ್ಲಿ ಕಟ್ ಕಟ್ ಅನ್ನುತ್ತಿದ್ದ ಎಡಗಡೆಗೆ ಹೊಸ ಬುಶ್‌ಗಳನ್ನು ಹಾಕಿಸಿದೆ. ಗಂಟಿನ ಪೇಪರಿನ ಮಡಿಕೆಯಲ್ಲಿ ಉಳಿದಿದ್ದ ಹಳದಿ ಪುಡಿಯನ್ನು ಬೆರಳಿಗೆ ಅಂಟಿಸಿಕೊಂಡು ಹೊಸ ರಬ್ಬರಿಗೆ ಹಚ್ಚಿದೆ. ಅಲ್ಲಿಯ ಮೆಕ್ಯಾನಿಕ್ ನನ್ನನ್ನು ನೋಡಿದ. ಲಿಫ್ಟಿನ ಮೇಲೆಯೇ ಬಿಗಿ ಮಾಡಲು ಹೊರಟಾಗ ತಡೆದೆ. “ನೋ. ಕೆಳಗಿಳಿಸಿ. ನಾನು ಕೂತ ಮೇಲೆ ಬಿಗಿ ಮಾಡಿ.” ಮ್ಯಾಡಮ್, ಲಿಫ್ಟಿನ ಮೇಲೆಯೇ ಆಗುತ್ತದೆ ಎಂದ. ಕ್ಲಾಸಿನ ದನಿ ತೆಗೆದೆ. ಇಳಿಸಿದ.

ಸ್ಟೇರಿಂಗ್ ಹಿಡಿದು ಕೂತೆ. ಆತ ಪಾನಾ ಹಿಡಿದು ಕಾರಿನ ಅಡಿಗೆ ಹೋಗುವ ಮುಂಚೆ ಕೇಳಿದ, “ಬಾಜೂಲಾ ಕೋಣ್ ಬಸತಾತ್, ಮ್ಯಾಡಮ್?”

ಪಕ್ಕದಲ್ಲಿ ಯಾರು ಕೂರುತ್ತಾರೆ.

“ಕೋಣೀ ನಾಹೀ” ಎಂದೆ. ಯಾರೂ ಇಲ್ಲ. ಜೋರಾಗಿಯೇ ಎಂದೆ.

ಬಿಗಿ ಮಾಡಿ ಮುಗಿದ ಮೇಲೆ ಇಳಿದು, ಎಡಗಡೆಗೆ ಹೋಗಿ, ಬಾಗಿ, ಗಾಲಿಗೂ ಮಡ್‌ಗಾರ್ಡಿಗೂ ನಡುವೆ ನನ್ನ ಬೆರಳುಗಳನ್ನು ಇಟ್ಟೆ. ಮೂರೂ ಹೋದವು. ನಾಲ್ಕನೆಯದಕ್ಕೂ ಜಾಗವಿತ್ತು.