ಕಂಬಳಿ ಮಿಲ್ಲಿನ ತುಟಿಮಾತು

ಒದ್ದೆ ಉಣ್ಣೆಯ ವಾಸನೆ ಮಂಗಳೂರಿನಂಥ ಊರಿನಲ್ಲಿ ಎಲ್ಲಿಂದ ಬರಬೇಕು? ಇಲ್ಲಿ ಹೊದೆಯಲು ಹಳೆಯ ಸೀರೆ ಸಾಕು, ಅದೂ ಫ್ಯಾನಿನ ಗಾಳಿಗೆ. ಆದರೂ ಕಳೆದ ವಾರ ಫಳ್ನೀರಿನಲ್ಲಿ ಫ್ಲೋರಿ ಬಾಯಮ್ಮನ ಫ್ಲ್ಯಾಟಿನ ಬಾಗಿಲು ತೆರೆದಾಗ ಅದೇ ವಾಸನೆ ಎದುರಿಗೆ ಬಂದು ನಿಂತಿತು: ಜಿಡ್ಡು, ಉಗಿ, ಎಲ್ಲೋ ಅಡಗಿರುವ ಪ್ರಾಣಿಯ ಮೈ. ಅವರನ್ನು ನೋಡಿಕೊಳ್ಳುವ ಹುಡುಗಿ ಹಳೆಯ ಕಂಬಳಿಯೊಂದನ್ನು ಒಗೆದು ಬಾಲ್ಕನಿಯಲ್ಲಿ ಹರವಿದ್ದಳು. ನೀರು ತೊಟ್ಟಿಕ್ಕುತ್ತಿತ್ತು. ನಮ್ಮ ಮಿಲ್ಲಿನ ಕಂಬಳಿ. ನಾನು ಹೋದದ್ದು ಮಾತ್ರ ಒಂದು ಪ್ರಶ್ನೆ ಕೇಳಲು: ಅಮ್ಮ ಸಾಯುವ ಮುನ್ನಾದಿನ ಬಾಯಮ್ಮನ ಹತ್ತಿರ ಏನು ಹೇಳಿದ್ದಳು?

ಕೂಳೂರಿನ ಹೊಳೆಯ ಬದಿಯಲ್ಲಿ ಕಂಬಳಿ ಮಿಲ್ಲೊಂದು ಇತ್ತು ಎಂದರೆ ಈಗ ಯಾರೂ ನಂಬುವುದಿಲ್ಲ. ಬೆವರುವ ಊರಿನಲ್ಲಿ ಕೂತು ನಮ್ಮವರು ಎಲ್ಲಿಯದೋ ಚಳಿಗೆ ಕಂಬಳಿ ನೇಯುತ್ತಿದ್ದರು. ಮಿಲ್ಲಿನ ಹಿಂದೆ ಹೆಂಚಿನ ಲೈನ್ ಮನೆಗಳು, ಗೋಡೆಗೆ ಗೋಡೆ ತಾಗಿಸಿ ಕಟ್ಟಿದ್ದು, ಎಲ್ಲದಕ್ಕೂ ಒಂದೇ ಉದ್ದನೆಯ ಜಗಲಿ. ಊರಿನವರಿಗೆ ಇಲ್ಲದ್ದು ನಮಗಿತ್ತು. ಕಂಪೆನಿಯ ಕರೆಂಟು, ಕಂಪೆನಿಯ ಮದ್ದಿನ ಕೋಣೆ, ತಾಯಂದಿರು ಮಗ್ಗದಲ್ಲಿರುವಾಗ ಕೂಸುಗಳನ್ನು ಮಲಗಿಸುವ ತೊಟ್ಟಿಲ ಮನೆ. ಎಲ್ಲಕ್ಕಿಂತ ಹೆಚ್ಚಾಗಿ, ಬಿಸಿನೀರು. ಬಾಯ್ಲರಿನಿಂದ ಲೈನಿನ ಕೊನೆಯ ಬಚ್ಚಲಿಗೆ ಪೈಪು ಎಳೆದಿದ್ದರು. ಸಂಜೆಯ ಸೈರನ್ ಆದ ಮೇಲೆ ಪೈಪು ಮೊದಲು ಕೆಮ್ಮಿ, ಆಮೇಲೆ ಹೊಗೆಯಾಡುವ ನೀರು ಉಗುಳುತ್ತಿತ್ತು. ಆ ನೀರಿಗೂ ಉಣ್ಣೆಯ ವಾಸನೆ. ಎಷ್ಟು ಸೋಪು ಹಾಕಿ ಮಿಂದರೂ ಶಾಲೆಯಲ್ಲಿ "ಕುರಿಮಂದೆ ಬಂತು ಮಾರಾಯ, ಗೇಟು ತೆಗಿ" ಎನ್ನುತ್ತಿದ್ದರು. ಅಪ್ಪ ಬಣ್ಣದ ತೊಟ್ಟಿಯ ಕೆಲಸದವರು. ಅವರ ಉಗುರು ನೋಡಿದರೆ ಆ ದಿನ ಹೊಳೆ ಯಾವ ಬಣ್ಣಕ್ಕೆ ತಿರುಗಿದೆ ಎಂದು ಗೊತ್ತಾಗುತ್ತಿತ್ತು.

ಅಮ್ಮ ಮತ್ತು ಫ್ಲೋರಿ ಬಾಯಮ್ಮ ಪಕ್ಕಪಕ್ಕದ ಮಗ್ಗದವರು, ಪಕ್ಕಪಕ್ಕದ ಮನೆಯವರು. ಶೆಡ್ಡಿನೊಳಗೆ ಲಾಳಿಗಳ ಬಡಿತದಲ್ಲಿ ಕಿರುಚಿದರೂ ಕೇಳಿಸದು. ಆದ್ದರಿಂದ ಮಗ್ಗದ ಹೆಂಗಸರು ದನಿ ಹೊರಡಿಸದೆ ಬರೀ ತುಟಿಯಲ್ಲಿ ಮಾತಾಡುವುದನ್ನು ಕಲಿತಿದ್ದರು, ಹುಬ್ಬು ಗಲ್ಲ ಸೇರಿಸಿ, ಒಂದೊಂದು ಅಕ್ಷರವನ್ನೂ ಅಗಿದು. ಅಮ್ಮ ತುಳುವಿನಲ್ಲಿ, ಬಾಯಮ್ಮ ಕೊಂಕಣಿಯಲ್ಲಿ, ಇಬ್ಬರಿಗೂ ತಿಳಿಯುತ್ತಿತ್ತು. ಹಲ್ಲಿನಲ್ಲಿ ನೂಲು ಕಡಿದು ಕಡಿದು ಅಮ್ಮನ ಕೆಳತುಟಿ ಎಡಕ್ಕೆ ಜಾರಿತ್ತು, ಅವಳ ಮಾತೂ ಅತ್ತ ಕಡೆಯಿಂದಲೇ ಬರುತ್ತಿತ್ತು. ಇಬ್ಬರ ಕಿವಿಯೂ ಮಂದವಾದ ಮೇಲೆ ಮನೆಯಲ್ಲೂ ಅದೇ ಅಭ್ಯಾಸ. ಸಂಜೆ ಜಗಲಿಯುದ್ದಕ್ಕೂ ಹೆಂಗಸರು ಸಾಲಾಗಿ ಕೂತು ತುಟಿ ಆಡಿಸುತ್ತಿದ್ದರು. ಒಮ್ಮೆಲೇ ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದರು. ಶಬ್ದವೇ ಇಲ್ಲ. ಹೊಳೆಯ ನೀರು ಕಲ್ಲಿಗೆ ತಾಗುವುದಷ್ಟೇ ಕೇಳುತ್ತಿತ್ತು. ದಿನವೂ ಎಂಬಂತೆ ಬರೆದೆ. ಅದು ಒಂದೇ ಸಂಜೆ ಇರಬಹುದು. ಒಮ್ಮೆ ಕಂಡು ಹೆದರಿದ್ದನ್ನು ನೆನಪು ದಿನದಿನದ್ದಾಗಿ ಮಾಡಿಕೊಳ್ಳುತ್ತದೆ. ಅದನ್ನು ನೀವೂ ಪೂರ್ತಿ ನಂಬಬೇಡಿ. ಮಕ್ಕಳಾದ ನಮಗೆ ಆ ಮಾತಿನಲ್ಲಿ ತಿಳಿಯುತ್ತಿದ್ದದ್ದು ಸ್ವಲ್ಪ: ಊಟ, ಪೆಟ್ಟು, ಮತ್ತೆ "ನೀರು ಬಂತು, ಮೀಯಲು ಬಾ". ಅಂಗಳದಾಚೆ ಆಡುತ್ತಿದ್ದವಳು ಬೆನ್ನಿಗೆ ಏನೋ ತಾಗಿದಂತಾಗಿ ತಿರುಗಿದರೆ, ಜಗಲಿಯ ತುದಿಯಲ್ಲಿ ಅಮ್ಮನ ತುಟಿ ಆಡುತ್ತಿರುತ್ತಿತ್ತು.

ಮಿಲ್ಲು ಮುಚ್ಚಿತು, ಲೈನು ಕೆಡವಿದರು, ಈಗ ಅಲ್ಲಿ ಲಾರಿಗಳು ನಿಲ್ಲುತ್ತವೆ. ಅಮ್ಮನ ಕೊನೆಯ ದಿನಗಳು ಕಳೆದದ್ದು ಅತ್ತಾವರದ ಆಸ್ಪತ್ರೆಯೊಂದರಲ್ಲಿ, ಗಂಟಲಿಗೆ ಟ್ಯೂಬು. ನಮ್ಮ ಪಾಲಿಗೆ ಅವಳು ಮಾತು ನಿಲ್ಲಿಸಿದ್ದಳು. ಬಾಯಮ್ಮ ಬಂದು ಮಂಚದ ಬದಿಗೆ ಕೂತದ್ದೇ ತಡ, ಇಬ್ಬರೂ ಮಗ್ಗದ ಮುಂದೆ ನಿಂತವರಂತೆ ಶುರುಮಾಡಿದರು. ಬಹಳ ಹೊತ್ತು. ಸ್ವಂತ ಮಗಳು ನಾನು ಕಾಲು ಹಿಡಿದು ಕೂತಿದ್ದೆ, ಒಂದಕ್ಷರ ತಿಳಿಯಲಿಲ್ಲ. ಹೊರಗೆ ಬಂದು ಕೇಳಿದರೆ "ಎಂತ ಇಲ್ಲ ಮಗಾ, ಬಂಗುಡೆ ರೇಟು" ಎಂದರು. ಮರುದಿನ ಅಮ್ಮ ಹೋದಳು. ಆ ಬಂಗುಡೆಯ ಮುಳ್ಳು ಅಂದಿನಿಂದ ನನ್ನ ಗಂಟಲಿನಲ್ಲಿ ಉಂಟು. ಈಚೆಗೆ ಇನ್ನೊಂದು ಭಯ ಸೇರಿಕೊಂಡಿತು: ಅಮ್ಮನ ಮುಖ ನೆನಪಾಗುತ್ತದೆ, ದನಿ ನೆನಪಾಗುವುದಿಲ್ಲ. ಎಷ್ಟು ನೆನೆದರೂ ತುಟಿ ಮಾತ್ರ ಆಡುತ್ತದೆ. ಅದನ್ನು ಓದಬಲ್ಲವರಲ್ಲಿ ಉಳಿದದ್ದು ಬಾಯಮ್ಮ ಒಬ್ಬರೇ. ಅವರ ಕಣ್ಣೂ ಹೋಗುತ್ತಿದೆ ಎಂದು ಕೇಳಿ ಓಡಿದೆ.

"ಇನ್ನೂ ಅದನ್ನೇ ಹಿಡಿದುಕೊಂಡು ಕೂತಿದ್ದೀಯಾ?" ಕಿವಿಯ ಮಿಷನ್ ಸರಿಮಾಡಿಕೊಂಡು ಬಾಯಮ್ಮ ನಕ್ಕರು. "ಬಂಗುಡೆಯೇ ಮಗಾ, ದೇವರಾಣೆ. ಮತ್ತೆ ಬಿಸಿನೀರು ಬಂತಾ ಕೇಳಿದಳು. ನೀನು ಇನ್ನೂ ಮಿಂದಿಲ್ಲವಂತೆ, ಅದೇ ಚಿಂತೆ. ನೋಡಿದರೆ ನೀನು ತಲೆ ನರೆತವಳು. ನಿನಗೆ ಹೇಗೆ ಹೇಳುವುದು ಅದನ್ನು?"

"ಅಮ್ಮನ ದನಿ ಹೇಗಿತ್ತು ಬಾಯಮ್ಮ?"

"ನಾನು ಎಲ್ಲಿ ಕೇಳಿದ್ದೇನೆ? ನನಗೆ ಗೊತ್ತಿರುವುದು ಅವಳ ತುಟಿ."

ಆಮೇಲೆ ನೈಟಿಯ ತೋಳಿನಿಂದ ತುಟಿ ಒರೆಸಿಕೊಂಡರು. ಹುಬ್ಬು ಏರಿತು. ಕೆಳತುಟಿ ಮೆಲ್ಲನೆ ಎಡಕ್ಕೆ ಜಾರಿತು. ಆ ಮುದಿಮುಖದಲ್ಲಿ ಬೇರೊಬ್ಬಳ ತುಟಿ ಆಡತೊಡಗಿತು: ನೀರು ಬಂತು, ಮೀಯಲು ಬಾ. ನನಗೆ ಗೊತ್ತಾಗುವ ಮೊದಲೇ ನಾನು ಎದ್ದು ನಿಂತಿದ್ದೆ. ಕೈ ಮೈಯೊರೆಸುವ ಬೈರಾಸಿಗಾಗಿ ಹೆಗಲು ತಡವುತ್ತಿತ್ತು. ಬಂದೆ ಅಮ್ಮಾ, ಎಂದೆ, ದನಿಯಿಲ್ಲದೆ, ತುಟಿಯಲ್ಲಿ.

ಬಾಯಮ್ಮನ ಬೂದುಗಣ್ಣು ನನ್ನನ್ನು ದಾಟಿ ಕಂಬಳಿಯತ್ತ ನೋಡುತ್ತಿತ್ತು. ಕೈ ಚಾಚಿ ಎದುರಿನ ಗಾಳಿಯನ್ನು ಮುಟ್ಟಿದರು.

"ಮಗಾ, ಇದ್ದೀಯಾ? ಹೋದೆಯಾ?"